ಖಾಲಿ ಕಳಿಸಬಾರದ ಡಬ್ಬಿ

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದ ಎರಡನೇ ವಾರ, ಕೆಲಸ ಮುಗಿಸಿ ಬಂದು ನೋಡಿದರೆ ನನ್ನ ಬಾಗಿಲಿಗೆ ಯಾರೋ ಮರದ ಹಲಗೆಯೊಂದನ್ನು ತೂಗುಹಾಕಿದ್ದರು. ನಮ್ಮೂರು ದೇವರ ಹಿಪ್ಪರಗಿಯಲ್ಲಿ ಬಾಗಿಲಿಗೆ ಹಲಗೆ ಬಿತ್ತೆಂದರೆ ಮನೆ ಬಾಡಿಗೆಗಿದೆ ಎಂದರ್ಥ. ಬೆಳ್ಳುಳ್ಳಿ ಒಗ್ಗರಣೆಯ ವಾಸನೆಗೆ ನನ್ನನ್ನು ಹೊರಹಾಕಿದರೇನೋ ಎಂದು ಕೆಳಗಿಳಿದು ಹೋಗಿ ಕೇಳಿದೆ. ಕೆಳಮನೆಯ ಫ್ರೌ ಕೆಲರ್ (ಫ್ರೌ ಎಂದರೆ ನಮ್ಮ ‘ಅಮ್ಮಾವರು’ ಇದ್ದಂತೆ) ಕೈಸನ್ನೆಯಲ್ಲೇ ತಿಳಿಸಿ ಹೇಳಿದರು. ಅದು ‘ಕೇರ್‌ವೊಖೆ’, ಮೆಟ್ಟಿಲು ಗುಡಿಸುವ ವಾರ. ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಅವರ ಪಾಳಿ. ಗುಡಿಸಿ, ಒರೆಸಿ, ಹಲಗೆಯನ್ನು ಮುಂದಿನ ಮನೆಗೆ ತೂಗುಹಾಕಬೇಕು.

ಕೃತಜ್ಞತೆಗೆಂದು ಅವರಿಗೊಂದು ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹಿಂಡಿ, ಅಂದರೆ ನಮ್ಮ ಕಡೆಯ ಚಟ್ನಿಪುಡಿ, ಕೊಟ್ಟೆ. ಮೂರು ದಿನದ ಮೇಲೆ ಡಬ್ಬಿ ಫಳಫಳ ತೊಳೆದು ಬಾಗಿಲ ಮುಂದೆ ಬಂದು ಕೂತಿತ್ತು. ಒಳಗೆ ಏನೂ ಇರಲಿಲ್ಲ. ಇಲ್ಲಿ ಅದೇ ಮರ್ಯಾದೆ. ಆದರೂ ನನಗೆ ಕೆಡುಕೆನಿಸಿತು, ಯಾಕೆಂದರೆ ನನ್ನನ್ನು ಬೆಳೆಸಿದವಳು ಅಕ್ಕ. ಡಬ್ಬಿ ಖಾಲಿ ವಾಪಸ್ ಕಳಿಸಬಾರದು, ಏನಿಲ್ಲವೆಂದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬೇಕು ಎನ್ನುವವಳು. ನಾನು ವಿಜಯಪುರದಲ್ಲಿ ಓದುವಾಗ ಆಕೆ ರೊಟ್ಟಿ, ಪಲ್ಲೆ ಕಟ್ಟಿ ಮುಂಜಾನೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ನಾನು ಬಸ್‌ಸ್ಟ್ಯಾಂಡಿನಲ್ಲಿ ಕಾದು ಇಳಿಸಿಕೊಳ್ಳುತ್ತಿದ್ದೆ. ಸಂಜೆಯ ಬಸ್ಸಿಗೆ ಅದೇ ಡಬ್ಬಿಯಲ್ಲಿ ಎರಡು ಪೇರಲ ಹಣ್ಣೋ ಒಂದು ನಿಂಬೆಯೋ ಹೋಗುತ್ತಿತ್ತು.

ಇಲ್ಲಿನ ಪ್ರಯೋಗಾಲಯದಲ್ಲಿ ನನ್ನ ಕೆಲಸವೂ ಡಬ್ಬಿಗಳದ್ದೇ. ನಮ್ಮ ಜೀವಕೋಶಗಳು ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳನ್ನು ರಕ್ತಕ್ಕೆ ಬಿಡುತ್ತಿರುತ್ತವೆ. ಅವುಗಳಲ್ಲಿ ಮೈಕ್ರೋ ಆರ್‌ಎನ್‌ಎ ಎಂಬ ತುಣುಕುಗಳಿರುತ್ತವೆ. ಚೀಲ ಮುಟ್ಟಿದ ಜೀವಕೋಶಕ್ಕೆ ‘ಈ ಕೆಲಸ ನಿಲ್ಲಿಸು’ ಎಂದು ಹೇಳುವ ಚೀಟಿಗಳು ಅವು. ಎಲ್ಲವೂ ಕೇಡಿನವಲ್ಲ. ಆದರೆ ಕ್ಯಾನ್ಸರ್ ಗಂಟು ಕಳಿಸುವ ಕೆಲವು ಚೀಟಿಗಳು ರಕ್ತನಾಳದ ಗೋಡೆಗೆ ಹೋಗಿ, ಒತ್ತೊತ್ತಾಗಿ ಹಿಡಿದುಕೊಂಡ ಜೀವಕೋಶಗಳ ಹಿಡಿತವನ್ನು ಸಡಿಲಿಸುತ್ತವೆ. ಆ ಸಂದಿಯಲ್ಲಿ ಕ್ಯಾನ್ಸರ್ ನುಸುಳಿ ಬೇರೆ ಕಡೆ ಬಿಡಾರ ಹೂಡುತ್ತದೆ.

ನಾನಿಲ್ಲಿಗೆ ಬಂದ ವರ್ಷವೇ ಅಕ್ಕನ ಎದೆಯಲ್ಲಿ ಗಂಟು ಸಿಕ್ಕಿತು. ಬೇಗ ಆಪರೇಷನ್ ಆಗಬೇಕೆಂದರು ವಿಜಯಪುರದ ಡಾಕ್ಟರು. ಅಕ್ಕ ಫೋನು ಮಾಡಿದಳು.

“ನಿನ್ನ ಕೆಲಸ ಇದರದ ಅಲ್ಲೇನ? ನನಗ ತಿಳಿಯಾಂಗ ಹೇಳು.”

“ಗಂಟು ತಾನು ಹೋಗೂ ಮೊದಲ ಡಬ್ಬಿ ಕಳಸ್ತೈತಿ ಅಕ್ಕಾ, ನೀ ಬಸ್ಸಿಗೆ ಕೊಟ್ಟಂಗ. ಅದರಾಗ ಚೀಟಿ ಇರ್ತಾವ. ಚೀಟಿ ಓದಿ ಅಲ್ಲಿಯವರು ಬಾಗಲಾ ತಗೀತಾರ.”

“ಮತ್ತ ನೀವು?”

“ನಾವು ಡಬ್ಬಿ ಹಾದ್ಯಾಗ ತಡೀತೇವಿ.”

“ಹಂಗಾರ ಚಿಂತಿಲ್ಲ ಬಿಡು,” ಎಂದು ಅಕ್ಕ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಿದ್ದಳು. ನಾವು ತಡೆಯುವುದು ಗಾಜಿನ ತಟ್ಟೆಯಲ್ಲಿ ಮಾತ್ರ, ಮನುಷ್ಯರಿಗೆ ಕೊಡುವ ಔಷಧ ಇನ್ನೂ ಆಗಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆ ನಗುವಿಗೆ ಆಸೆಪಟ್ಟು ನುಂಗಿಕೊಂಡೆ. ತಂಗಿ ದೊಡ್ಡವಳಾಗಿದ್ದಾಳೆ ಎಂದು ಆಕೆ ತಿಳಿಯಲಿ ಎಂಬ ಹಮ್ಮೂ ಇತ್ತು, ಸುಳ್ಳು ಯಾಕೆ ಹೇಳಲಿ. ಆಪರೇಷನ್ ನಿಗದಿಯಾಗಿಯೇ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆಮೇಲಿನ ಫೋನುಗಳಲ್ಲಿ ಕೇಳಿದಾಗಲೆಲ್ಲ ಅಕ್ಕ “ಎಲ್ಲಾ ಬರೋಬರಿ ನಡದೈತಿ” ಅನ್ನುತ್ತಿದ್ದಳು.

ಎರಡು ತಿಂಗಳ ಮೇಲೆ ಅಕ್ಕನ ಮಗಳು ಸುವರ್ಣಾ ಫೋನು ಮಾಡಿದಳು. “ಚಿಗವ್ವಾ, ಔಷಧ ಯಾವಾಗ ಕಳಸ್ತೀರಿ? ಅವ್ವ ಆಪರೇಷನ್ ಬ್ಯಾಡ ಅಂದಾಳ. ತಂಗಿ ಅಲ್ಲೇ ತಡದಾಳ, ಆಕಿ ಡಬ್ಬಿ ಬರ್ತೈತಿ ಅಂತ ಕುಂತಾಳ.”

ಸಿಕ್ಕ ವಿಮಾನ ಹತ್ತಿ ಊರಿಗೆ ಹೋದೆ. ಅಷ್ಟರಲ್ಲಿ ಕ್ಯಾನ್ಸರ್ ಬೆನ್ನುಮೂಳೆಗೆ ಮುಟ್ಟಿತ್ತು. ಕಾದ ಆ ಎರಡು ತಿಂಗಳಲ್ಲೇ ಹೋಯಿತೋ, ಮೊದಲೇ ಹೋಗಿತ್ತೋ ಯಾರೂ ಹೇಳಲಾರರು. ನಾನಂತೂ ಹೇಳಬಲ್ಲವಳಾಗಬೇಕಿತ್ತು, ಓದಿದ್ದೇ ಅದನ್ನು. ಆಸ್ಪತ್ರೆಯ ಮಂಚದ ಬಳಿ ಕೂತು, “ಅಕ್ಕಾ, ಅವತ್ತು ನಾ ಪೂರಾ ಹೇಳಲಿಲ್ಲ. ಔಷಧ ಇನ್ನೂ ಆಗಿಲ್ಲ,” ಎಂದೆ. ಆಕೆ ನನ್ನ ಮುಖವನ್ನೇ ನೋಡಿದಳು.

“ಅವತ್ತ ಹೇಳಬೇಕಾಗಿತ್ತವ್ವ ನೀ,” ಎಂದಳು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಚಿಕಿತ್ಸೆ ಶುರುವಾಗಿ, ನನ್ನ ರಜೆ ಮುಗಿದು ಹೊರಡುವ ದಿನ ಅಕ್ಕ ಸುವರ್ಣಾಳ ಕೈಯಿಂದ ಹಿಂಡಿ ಕುಟ್ಟಿಸಿ ಡಬ್ಬಿ ತುಂಬಿಸಿದ್ದಳು. “ಬಸ್ಸಿಗೆ ಹೊತ್ತಾತು. ತಗೊಂಡ್ ಹೋಗು,” ಎಂದಳು.

ಹಿಂಡಿ ತೀರಿದೆ. ಡಬ್ಬಿ ಇಲ್ಲಿ ನನ್ನ ಕಪಾಟಿನಲ್ಲಿದೆ. ಅದರಲ್ಲಿ ಏನು ಹಾಕಿ ಕಳಿಸಬೇಕೆಂದು ನನಗೆ ತಿಳಿಯದು. ವಾರವಾರ ಅಕ್ಕನ ಜೊತೆ ಮಾತಾಡುತ್ತೇನೆ. ಈಗ ಗೊತ್ತಿದ್ದಷ್ಟನ್ನು ಪೂರಾ ಹೇಳುತ್ತೇನೆ, ಆಕೆಯ ಪ್ರಶ್ನೆಗಳೇ ಕಡಿಮೆಯಾಗಿವೆ.

ಮೊನ್ನೆ ಹಲಗೆ ಮತ್ತೆ ನನ್ನ ಬಾಗಿಲಿಗೆ ಬಂತು. ಗುಡಿಸುತ್ತಿದ್ದಾಗ ಫ್ರೌ ಕೆಲರ್ ಮೆಟ್ಟಿಲ ಮೇಲೆ ನಿಂತು, ನಿನ್ನಷ್ಟು ನಿಯತ್ತಿನವರು ಈ ಕಟ್ಟಡದಲ್ಲಿ ಯಾರೂ ಇಲ್ಲ, ನೀನೀಗ ನಮ್ಮವಳೇ ಎಂದರು. ಖರೆ. ಇಲ್ಲಿ ಒಂದು ಸಲವೂ ನನ್ನ ಪಾಳಿ ತಪ್ಪಿಲ್ಲ. ಅಕ್ಕ ನನ್ನ ಡಬ್ಬಿಯ ದಾರಿ ಕಾಯುತ್ತಿದ್ದ ಆ ಎರಡು ತಿಂಗಳಲ್ಲೂ ನಾನು ಈ ಮೆಟ್ಟಿಲುಗಳನ್ನು ಗುಡಿಸಿದ್ದೆ.