ಹಿತ್ತಲಿಗೆ ಬಂದ ಗರಡಿಯ ಮಣ್ಣು

ಶಿರಾದ ನಮ್ಮ ಬೀದಿಯ ಪೈಲ್ವಾನ್ ಬಾಷಾ ಸಾಬರು, ಎಡಗಾಲಿನ ಸ್ವಾಧೀನ ತಪ್ಪಿದ್ದ ಹೆಂಡತಿಯನ್ನು ಎತ್ತಿ ನಿಲ್ಲಿಸಿ, ಮರುಕ್ಷಣವೇ ಭುಜ ಹಿಡಿದು ನೆಲಕ್ಕೆ ಕೆಡವಿದರು. ಎಪ್ಪತ್ತರ ದಶಕದ ಕೊನೆಯ ಒಂದು ಬೆಳಿಗ್ಗೆ, ಅವರ ಹಿತ್ತಲ ಬಾಗಿಲಲ್ಲಿ ನಿಂತು ನಾನಿದನ್ನು ಕಣ್ಣಾರೆ ಕಂಡೆ. ಸಾಬರು ಕಾಯಿಲೆಯ ಹೆಂಗಸನ್ನು ಬಡಿಯುತ್ತಾರೆಂದು ಬೀದಿಯೆಲ್ಲ ಆಡಿಕೊಳ್ಳುತ್ತಿತ್ತು. ಎಷ್ಟು ಜನ ಹೇಳಿದರೂ ನೋಡದೆ ನಂಬುವವನು ನಾನಲ್ಲ, ಅದಕ್ಕೇ ಹೋಗಿದ್ದೆ.

ಬಿದ್ದ ಜೈನಬಮ್ಮ ನಗುತ್ತಿದ್ದರು. ಅವರ ಕೆಳಗೆ ಮೆತ್ತನೆಯ ಕೆಮ್ಮಣ್ಣಿನ ದಪ್ಪ ಹಾಸಿತ್ತು. ಹೆಂಗಸರು ಗರಡಿಯ ಹೊಸ್ತಿಲು ದಾಟುವಂತಿರಲಿಲ್ಲ. ಹಾಗಾಗಿ ಸಾಬರು ಗರಡಿಯ ಮಣ್ಣನ್ನೇ ಮೂಟೆಗಳಲ್ಲಿ ಹೊತ್ತು ತಂದು ಹಿತ್ತಲಿನಲ್ಲಿ ಹರಡಿದ್ದರು.

“ಮದ್ವೆ ಆದಾಗ್ಲಿಂದ ನನ್ ಕೈಲಿ ಸೋತು ಸೋತು, ಈಗ ಸೇಡು ತೀರಿಸ್ಕಂತಾವ್ರೆ ನೋಡಣ್ಣ!” ಎಂದರು ಆಕೆ.

ಸಾಬರು ನಗಲಿಲ್ಲ. “ಬಚ್ಚಲಲ್ಲಿ ಒಂದ್ಸಲ ಬಿದ್ಬುಟ್ಟು, ಹೆದ್ರಿ ಮಂಚ ಬುಟ್ಟು ಇಳೀತಾನೇ ಇರ್ಲಿಲ್ಲ ಕಣಣ್ಣ. ಗರಡೀಲಿ ಮೊದ್ಲು ಕಲ್ಸೋದೇ ಬೀಳೋದು. ಆ ಭಯ ಹೋಗ್ಲಿ, ಆಮೇಲೆ ನಡೆಸ್ತೀನಿ.”

ಅಂಗಸಾಧನೆಯೆಂದರೆ ಗಟ್ಟಿಮುಟ್ಟಾದ ಗಂಡಸರ ಜಂಬವೆಂದು ನಾನೂ ಯಾರಿಂದಲೋ ಕೇಳಿ ನಂಬಿದ್ದೆ. ಆ ಮಾತನ್ನು ಮಾತ್ರ ಪರೀಕ್ಷಿಸಿರಲಿಲ್ಲ. ಮಳೆಗಾಲ ಕಳೆದ ಮೇಲೊಂದು ಸಂಜೆ ಜೈನಬಮ್ಮ ಕಾಲೆಳೆಯುತ್ತ ನಮ್ಮ ಮನೆಯ ಜಗಲಿಯವರೆಗೆ ನಡೆದು ಬಂದರು. ನಡುವೆ ಒಮ್ಮೆ ಮುಗ್ಗರಿಸಿದಾಗ ನಾನು ಹಿಡಿಯಲು ಎದ್ದೆ. ಹಿಂದೆಯೇ ಬರುತ್ತಿದ್ದ ಸಾಬರು ಬೆನ್ನ ಹಿಂದೆ ಕಟ್ಟಿದ್ದ ಕೈಗಳನ್ನು ಬಿಚ್ಚಲೇ ಇಲ್ಲ.