ಹಳದಿ ಮೀಟರಿನ ಉದಾರ ಬುದ್ಧಿ

ಐ.ಟಿ.ಐ. ಮುಗಿಸಿ ನಾನು ಕೆಲಸಕ್ಕೆ ಸೇರಿದ್ದು ಬೀದರಿನ ಚಿದ್ರಿಯ ಒಂದು ಸಣ್ಣ ಅಂಗಡಿಗೆ. ಸುಟ್ಟ ಮೋಟಾರಿನ ಹಳೆಯ ತಂತಿ ಕಿತ್ತು ಹೊಸದು ಸುತ್ತುವ ಕೆಲಸ. ಹುಡುಗಿಯೊಬ್ಬಳು ವೈಂಡಿಂಗ್ ಮಾಡ್ತಾಳಂತೆ ಎಂದು ನೋಡಲಿಕ್ಕೇ ಜನ ಬರುತ್ತಿದ್ದರು. ಸುಮ್ಮನೆ ನೋಡಿದರೆ ಚೆನ್ನಾಗಿರುವುದಿಲ್ಲವೆಂದು ಒಂದು ಕೆಟ್ಟ ಮಿಕ್ಸರನ್ನಾದರೂ ಹಿಡಿದು ಬರುತ್ತಿದ್ದರು. ಹೀಗಾಗಿ ನನಗೇನೂ ಬೇಸರವಿರಲಿಲ್ಲ.

ಅಂಗಡಿಯ ಯಜಮಾನರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು, ಅವರು ನನ್ನನ್ನು ಬೇಟಿ, ಅಂದರೆ ಮಗಳು, ಎನ್ನುತ್ತಿದ್ದರು. ಅವರು ಸುತ್ತಿದ ಮೋಟಾರು ಮತ್ತೆ ಸುಟ್ಟು ಅಂಗಡಿಗೆ ಬಂದದ್ದೇ ಇಲ್ಲ. ಅವರಿಗಿದ್ದ ಜಂಬ ಅದೊಂದೇ. ವೋಲ್ಟೇಜು ನೋಡಲು ಅವರು ಇಟ್ಟುಕೊಂಡಿದ್ದು ಎರಡು ವೈರು ಕಟ್ಟಿದ ದೊಡ್ಡ ಬಲ್ಬು. ಅದು ಬೆಳ್ಳಗೆ ಉರಿದರೆ ಮೋಟಾರು ಹಚ್ಚುವುದು, ಕೆಂಪಗಿದ್ದರೆ ಕೂತು ಚಹಾ ಕುಡಿಯುವುದು.

ನಾನು ಮೊದಲ ಪಗಾರದಲ್ಲಿ ಒಂದು ಹಳದಿ ಡಿಜಿಟಲ್ ಮೀಟರು ಕೊಂಡೆ. ಮಾರುವವನ ಬಳಿ ಇದ್ದವುಗಳಲ್ಲೆಲ್ಲ ಅಗ್ಗದ್ದು. ಉಸ್ತಾದ್ ಅಂದೇ ಬಲ್ಬನ್ನು ಅಟ್ಟಕ್ಕೆ ಸೇರಿಸಿ, ಬಂದವರಿಗೆಲ್ಲ ಹೇಳತೊಡಗಿದರು: "ನಮ್ಮ ಬೇಟಿ ಕಡೆ ಮಶೀನ್ ಅದ. ಅಂಕಿ ಸಮೇತ ಹೇಳ್ತದ!" ನಾನು ಗಾಳಿಯಲ್ಲಿ ತೇಲುತ್ತಿದ್ದೆ.

ಮಳೆ ಕೈಕೊಟ್ಟ ಎರಡನೆಯ ವರ್ಷ ಅದು. ಹೈದರಾಬಾದು, ಪುಣೆಯ ಬಸ್ಸುಗಳು ಗುಳೆ ಹೊರಟವರಿಂದ ಗಂಟುಮೂಟೆ ಸಮೇತ ತುಂಬಿ ಹೋಗುತ್ತಿದ್ದವು. ನಮಗೆ ಮಾತ್ರ ಉಸಿರಾಡಲು ಪುರಸೊತ್ತಿಲ್ಲದಷ್ಟು ಕೆಲಸ. ಊರಲ್ಲೇ ಉಳಿದ ರೈತರೆಲ್ಲ ಒಮ್ಮೆಲೇ ಬೋರು ಚಾಲೂ ಮಾಡುತ್ತಿದ್ದರು, ವೋಲ್ಟೇಜು ಕುಸಿಯುತ್ತಿತ್ತು, ಮೋಟಾರುಗಳು ಸುಡುತ್ತಿದ್ದವು. ಔರಾದ ತಾಲೂಕಿನ ಡಾಬಕಾದಿಂದ ಊರಿನ ಕುಡಿಯುವ ನೀರಿನ ಮೋಟಾರೂ ಹಾಗೇ ಬಂತು. ಉಸ್ತಾದ್ ಸುತ್ತಿದರು, ನಾನು ಹೋಗಿ ಮೀಟರು ಹಿಡಿದೆ, ಇನ್ನೂರಾ ಇಪ್ಪತ್ತೆಂಟು, ಇರಬೇಕಾದಷ್ಟೇ. ಮೋಟಾರು ಹಚ್ಚಿದೆವು. ನಾಲ್ಕು ದಿನಕ್ಕೆ ಮೋಟಾರು ಸುಟ್ಟಿತು. ಮತ್ತೆ ಸುತ್ತಿದರು, ಈ ಸಲ ಅವರೂ ಜೊತೆಗೆ ಬಂದರು. ಮತ್ತೆ ಇನ್ನೂರಾ ಇಪ್ಪತ್ತೆಂಟು. ಮೂರೇ ದಿನಕ್ಕೆ ಮತ್ತೆ ಸುಟ್ಟಿತು.

ಮೋಟಾರು ಹೊತ್ತು ತಂದ ಡಾಬಕಾದ ಹಿರಿಯರೊಬ್ಬರು ಮೆಲ್ಲಗೆ ಅಂದರು: "ತಪ್ಪು ತಿಳ್ಕೋಬ್ಯಾಡ್ರಿ ಉಸ್ತಾದ್. ನಿಮ್ಮ ಕೈ ಮೊದಲಿನಂಗ ಇಲ್ಲರಿ."

ಉಸ್ತಾದ್ ಜಗಳಕ್ಕೆ ನಿಲ್ಲಲಿಲ್ಲ. ಆ ಹಿರಿಯರು ಹೋದ ಮೇಲೆ ತಮ್ಮ ಬೆರಳುಗಳನ್ನೇ ತಿರುಗಿಸಿ ನೋಡಿಕೊಂಡರು. "ಖರೆ ಅದ ಬೇಟಿ. ಅಂಗಡಿ ಸಾಕು. ಭಾಲ್ಕಿಗಿ ಮಗಳ ಮನಿಗಿ ಹೋಗಿಬಿಡ್ತೇನಿ."

ಮರುದಿನ ರೇಡಿಯೋಕ್ಕೆ ಹಾಕಲು ತಂದ ಹೊಸ ಸೆಲ್ಲಿಗೆ ಸುಮ್ಮನೆ ಮೀಟರು ಹಿಡಿದೆ. ಒಂದೂವರೆ ವೋಲ್ಟಿನ ಸೆಲ್ಲು, ಎರಡು ವೋಲ್ಟ್ ತೋರಿಸಿತು. ಇನ್ನೊಂದಕ್ಕೆ ಹಿಡಿದೆ, ಅದೂ ಎರಡು. ಮೀಟರಿಗೆ ಹೊಸ ಬ್ಯಾಟರಿ ಹಾಕಿ ಹಿಡಿದೆ, ಸರಿಯಾಗಿ ಒಂದೂವರೆ. ಮೀಟರಿನ ಒಳಗಿನ ಬ್ಯಾಟರಿ ಇಳಿದಿತ್ತು, ಇಳಿದಷ್ಟೂ ಅದು ಉದಾರಿಯಾಗಿ ಹೆಚ್ಚೆಚ್ಚು ತೋರಿಸುತ್ತಿತ್ತು. ಬ್ಯಾಟರಿ ಇಳಿದರೆ ಒಂದು ಗುರುತು ಕಾಣಬೇಕು. ಜೊತೆಗೆ ಬಂದ ಪುಸ್ತಕದ ಚಿತ್ರದಲ್ಲಿ ಆ ಗುರುತು ಇತ್ತು, ಮೀಟರಿನಲ್ಲಿ ಇರಲಿಲ್ಲ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಊರ ತುಂಬ ಹೊಗಳಿಸಿಕೊಂಡ ಮೀಟರು ನನ್ನದು. ನಾಚಿಕೆಯಾಯಿತು. ಅದರ ಬದಲು ಕಂಪನಿಗೆ ಕಾಗದ ಬರೆದೆ, ಮೀಟರು ಸರಿಯಿದೆ ಎಂದು ಯಾರಾದರೂ ಹೇಳಲಿ ಎಂಬ ಆಸೆಯಿಂದ.

ಹನ್ನೆರಡು ದಿನಕ್ಕೆ ಉತ್ತರ ಬಂತು. ಕಾಗದವಲ್ಲ, ಇಂಗ್ಲಿಷಿನಲ್ಲಿ ಅಚ್ಚು ಹಾಕಿದ ಚೀಟಿ. ಬ್ಯಾಟರಿ ಇಳಿದಾಗ ಈ ಮೀಟರು ಹೆಚ್ಚು ತೋರಿಸಬಹುದು, ಇದು ದೋಷವಲ್ಲ, ಈ ಮಾದರಿಯ ಸ್ವಭಾವ, ಗುರುತು ಬೇಕಾದವರು ಮೇಲಿನ ಬೆಲೆಯದನ್ನು ಕೊಳ್ಳಬಹುದು. ಮೂಲೆಯಲ್ಲಿ ಅಚ್ಚಾದ ವರ್ಷವಿತ್ತು, ನಾನು ಮೀಟರು ಕೊಳ್ಳುವುದಕ್ಕೂ ಹಿಂದಿನ ವರ್ಷ! ಮೀಟರು ಸರಿಮಾಡುವುದಕ್ಕಿಂತ ಚೀಟಿ ಅಚ್ಚು ಹಾಕಿಸುವುದು ಅಗ್ಗವಾಗಿ ಕಂಡಿರಬೇಕು. ಸಿಟ್ಟಿನಿಂದ ಎದ್ದು ಚೀಟಿ ಹಿಡಿದು ಹೋದೆ.

ಉಸ್ತಾದರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಎರಡೆರಡು ಸಲ ಓದಿಸಿದರು. ಆಮೇಲೆ ಅವತ್ತೇ ಡಾಬಕಾದ ಮೋಟಾರು ಸುತ್ತಲು ಕೂತರು, ಬಾಯಲ್ಲಿ ಏನೋ ಹಾಡು ಬೇರೆ.

ಡಾಬಕಾಕ್ಕೆ ಬಲ್ಬನ್ನೂ ಹೊಸ ಬ್ಯಾಟರಿ ಹಾಕಿದ ಮೀಟರನ್ನೂ ಒಯ್ದೆವು. ಬಲ್ಬು ಕೆಂಪಗೆ ಉರಿಯಿತು, ಮೀಟರು ನೂರಾ ಅರವತ್ತೈದು ಎಂದಿತು. ಹೊಲದ ಬೋರುಗಳು ಶುರುವಾಗುವ ಮೊದಲು, ನಸುಕಿನಲ್ಲಿ ಮಾತ್ರ ಮೋಟಾರು ಹಚ್ಚಬೇಕೆಂದು ಗೊತ್ತುಮಾಡಿ, ಬಲ್ಬನ್ನು ಅಲ್ಲೇ ಬಿಟ್ಟುಬಂದೆವು. ಉಸ್ತಾದ್ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಅಂದರು: "ನನ್ನ ಕೈ ಛಲೋ ಅದ. ತಪ್ಪು ಮೀಟರಿಂದು. ಅದನ್ನ ಕಂಡು ಹಿಡದಾಕಿ ನಮ್ಮ ಬೇಟಿ!" ಆ ಹಿರಿಯರು ಉಸ್ತಾದರ ಎರಡೂ ಕೈ ಹಿಡಿದುಕೊಂಡರು. ಹೆಂಗಸರು ನನಗೆ ಬೆಲ್ಲ ಹಾಕಿದ ಚಹಾ ಕೊಟ್ಟರು. ನಾನು ಲೋಟವನ್ನು ಹಾಗೇ ಕಟ್ಟೆಯ ಮೇಲಿಟ್ಟೆ.

ಬೀದರಿನ ಬಸ್ಸಿನಲ್ಲಿ ಹೇಳಿಬಿಟ್ಟೆ. "ಉಸ್ತಾದ್, ಕಂಪನಿಯವರಿಗೆ ಅಷ್ಟೇ ಅಲ್ಲರಿ, ನನಗೂ ಗೊತ್ತಿತ್ತು. ಹನ್ನೆರಡು ದಿನ ಬಾಯಿ ಮುಚ್ಕೊಂಡು ಕೂತೆ. ನೀವು ಕೈ ನೋಡ್ಕೊಂತ ಕೂತಿದ್ರಿ, ನಾ ನೋಡ್ಕೊಂತ ಇದ್ದೆ."

ಅವರು ಬೈಯಲಿಲ್ಲ. ಜೇಬಿನಿಂದ ಒಂದು ಹೊಚ್ಚ ಹೊಸ ಕನ್ನಡಕ ತೆಗೆದು ಮೂಗಿಗೇರಿಸಿ, ಕಣ್ಣು ಪಿಳಿಪಿಳಿ ಬಿಟ್ಟರು. ಎದುರಿಗೆ ನಿಂತ ಕಂಡಕ್ಟರು ಕೂಡ ಅದರಲ್ಲಿ ಕಾಣುತ್ತಿರಲಿಲ್ಲವಂತೆ.

"ಹಿಂದಿನ ಸಲ ನಿನ್ನ ಜೋಡಿ ಡಾಬಕಾಕ್ಕ ಹೋದಾಗ, ಪಂಪಿನ ಮನ್ಯಾಗ ಉರಿಯೋ ಬಲ್ಬು ನನಗ ಕೆಂಪಗ ಕಾಣ್ತು ಬೇಟಿ. ನೀ ಇನ್ನೂರಾ ಇಪ್ಪತ್ತೆಂಟು ಅಂದಿ. ಸೀದಾ ಕಣ್ಣಿನ ಡಾಕ್ಟರ ಕಡೆ ಹೋದೆ. ಕಣ್ಣು ಛಲೋ ಅವ, ಕನ್ನಡಕ ಬ್ಯಾಡ ಅಂದ್ರು. ಜಗಳ ಮಾಡಿ ಮಾಡಿಸ್ಕೊಂಡೆ. ನಮ್ಮ ಬೇಟಿ ಮೀಟರು ಸುಳ್ಳು ಹೇಳ್ತದೇನು ಅಂತ ಡಾಕ್ಟರಿಗೇ ಕೇಳಿದೆ."