ಕಾಡೇ ಕೋಟೆಯಾದ ಊರು

ನನಗೆ ಐವತ್ತು ದಾಟಿದೆ. ಹಳಿಯಾಳದ ಪೇಟೆಯಲ್ಲಿ ಬಟ್ಟೆ ಅಂಗಡಿ ಇದೆ, ಮನೆಗೆ ಬೀಗರು ಬಂದುಹೋಗುವ ವಯಸ್ಸು. ಆದರೂ ನಾನು ಕಂಪ್ಯೂಟರಿನಲ್ಲಿ ರಾಜ್ಯ ಕಟ್ಟುವ ಆಟ ಆಡುತ್ತೇನೆ. ಅದೂ ಈಗಿನ ಆಟವಲ್ಲ. ಕುರಿ ಕಾಯುವವನಿಗೂ ಕುದುರೆ ಸವಾರನಿಗೂ ಒಂದೇ ಮುಖವಿರುವ ಹಳೇ ಆಟ. ಹೆಂಡತಿ ಈ ಸಂಗತಿಯನ್ನು ಬೀಗರಿಂದ ಮುಚ್ಚಿಟ್ಟಿದ್ದಾಳೆ.

ಈ ಚಾಳಿ ಹಚ್ಚಿದವನು ಗೆಳೆಯ ದಸ್ತಗೀರ, ದಾಂಡೇಲಿಯ ಲಾರಿ ಮೆಕ್ಯಾನಿಕ್. ನಮ್ಮ ಹರೆಯದಲ್ಲಿ ಹಳಿಯಾಳದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕಂಪ್ಯೂಟರ್ ಸೆಂಟರ್ ಇತ್ತು. ಟೈಪಿಂಗ್ ಕಲಿಯಲು ಹೋದ ನಾವಿಬ್ಬರೂ ರಾಜ್ಯಭಾರ ಕಲಿತು ಬಂದೆವು.

ಆಟ ಸರಳ. ನಾಲ್ಕಾರು ಹಳ್ಳಿಗರನ್ನು ಕೊಡುತ್ತಾರೆ. ಅವರಿಂದ ಕಟ್ಟಿಗೆ ಕಡಿಸಿ, ಹೊಲ ಮಾಡಿಸಿ, ವೈರಿ ಬರುವುದರೊಳಗೆ ಊರಿಗೆ ಕೋಟೆ ಕಟ್ಟಿಕೊಳ್ಳಬೇಕು. ಎಲ್ಲರೂ ಕಲ್ಲಿನ ಗೋಡೆ ಎಬ್ಬಿಸುತ್ತಾರೆ. ದಸ್ತಗೀರ ಮಾತ್ರ ಊರಿನ ಸುತ್ತಲಿನ ಕಾಡನ್ನು ಹಾಗೇ ಬಿಟ್ಟು ದೂರದ ಮರ ಕಡಿಸುತ್ತಿದ್ದ. "ಅಡವಿ ಐತೆಲ್ಲ, ಗ್ವಾಡಿ ಯಾಕ ಬೇಕಲೇ?" ಎನ್ನುತ್ತಿದ್ದ. ದಾಂಡೇಲಿಯಲ್ಲಿ ಹುಟ್ಟಿದವನಿಗೆ ಬೇರೆ ಯೋಚನೆ ಬರುವುದಾದರೂ ಹೇಗೆ? ಹಿಂದಿನವರು ಜಲದುರ್ಗ, ಗಿರಿದುರ್ಗಗಳ ಜೊತೆ ವನದುರ್ಗವನ್ನೂ ಎಣಿಸಿದ್ದರು ಎಂದು ಎಲ್ಲೋ ಓದಿ ಹೇಳಿದೆ. "ನೋಡು ಮತ್ತ, ಅವರೂ ಈ ಆಟ ಆಡ್ಯಾರ" ಎಂದ.

ಆ ಕೋಟೆಗೆ ಇದ್ದ ದೊಡ್ಡ ಅಪಾಯವೆಂದರೆ ಅವನ ಪಕ್ಷದಲ್ಲಿದ್ದ ನಾನು. ಹಳ್ಳಿಗನನ್ನು ಕಟ್ಟಿಗೆಗೆ ಹಚ್ಚಿ ಮರೆತುಬಿಟ್ಟರೆ, ಕೈಗೆ ಸಿಕ್ಕ ಮರಕ್ಕೇ ಕೊಡಲಿ ಹಾಕುತ್ತಾನೆ. ಮರ ಬಿದ್ದಲ್ಲಿ ಸಂದಿಯಾಗುತ್ತದೆ, ಸಂದಿಯಲ್ಲಿ ವೈರಿಯ ಕುದುರೆಗಳು ನುಗ್ಗುತ್ತವೆ. ನನ್ನ ಮರೆವಿನಿಂದ ಹಾಳಾದ ರಾಜ್ಯಗಳು ಅದೆಷ್ಟೋ.

ಕಳೆದ ಮಳೆಗಾಲದಲ್ಲಿ ದಸ್ತಗೀರನಿಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಬಲಗೈ ಹೋಯಿತು. ಕೈಗೆ ಕೆಲಸ ಕೊಡುತ್ತಿದ್ದರೆ ತಿರುಗಿ ಬಂದೀತು, ಬಿಟ್ಟರೆ ಇಲ್ಲ ಎಂದರು ಡಾಕ್ಟರು. ಅವನು ಬಿಟ್ಟೇಬಿಟ್ಟ. ಹಿಚುಕಲು ಕೊಟ್ಟಿದ್ದ ರಬ್ಬರ್ ಚೆಂಡು ಓಣಿಯ ಕ್ರಿಕೆಟ್ಟಿಗೆ ಹೋಯಿತು. ಎಷ್ಟೋ ಎಂಜಿನ್ ಬಿಚ್ಚಿ ಜೋಡಿಸಿದ ಕೈಯನ್ನು ಟವೆಲ್ಲಿನ ಕೆಳಗೆ ಮುಚ್ಚಿಕೊಂಡು ಸುಮ್ಮನೆ ಕೂತ. ಅವನನ್ನು ಹಾಗೆ ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

"ಅಣ್ಣಾರ, ನಮ್ಮ ಮಾತು ಕೇಳವಲ್ರು. ನೀವರ ಏನರ ಮಾಡ್ರಿ" ಎಂದರು ಅವನ ಹೆಂಡತಿ ಮೆಹರುನ್ನೀಸಾ ಭಾಬಿ.

ನಾನು ದೊಡ್ಡ ವೈದ್ಯನಂತೆ, ಅದೇ ಆಟದ ಹೊಸ ಆವೃತ್ತಿಯನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಸಿಕೊಂಡು ಹೋದೆ. ಎಲೆ ಎಲೆಯೂ ಹೊಳೆಯುತ್ತಿತ್ತು. ದಸ್ತಗೀರ ಅರೆಗಳಿಗೆ ನೋಡಿ, "ಛಲೋ ಐತಿ. ಆದ್ರ ಇದು ನಮ್ಮೂರಲ್ಲ" ಎಂದ. ನನಗೂ ಹಾಗೇ ಅನಿಸಿತ್ತು. ಇಷ್ಟು ವರ್ಷ ಕಾದ ಊರನ್ನು, ಇನ್ನೊಂದು ಊರು ಚಂದವಿದೆಯೆಂದು ಬಿಟ್ಟುಬರಲಾಗುತ್ತದೆಯೇ?

ಮುಂದಿನ ರವಿವಾರ ನನ್ನ ಹಳೇ ಡಬ್ಬಿ ಕಂಪ್ಯೂಟರನ್ನೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ. ದಸ್ತಗೀರ ಮೌಸ್ ಮುಟ್ಟಲಿಲ್ಲ. "ನೀ ಆಡು, ನಾ ಹೇಳ್ತೇನಿ" ಎಂದ. ಅವನು ಹೇಳಿದ, ನಾನು ಆಡಿದೆ. ಊರು ಬೆಳೆಯಿತು, ಸುತ್ತ ಕಾಡು ಗಟ್ಟಿಯಾಗಿತ್ತು. ಭಾಬಿ ಚಹಾ ತಂದರು. ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿಯುತ್ತಾ ನಾನು, ಎಂದಿನಂತೆ, ಒಬ್ಬ ಹಳ್ಳಿಗನನ್ನು ಮರೆತೆ. ಅವನು ಹೋಗಿ ಕೋಟೆಯ ಮರಕ್ಕೇ ಕೊಡಲಿ ಹಾಕತೊಡಗಿದ.

"ಲೇ ಶಂಕ್ರ್ಯಾ! ಮರಾ! ಮರಾ!"

ಟವೆಲ್ ಜಾರಿತು. ಮೌಸ್ ಮೇಲಿದ್ದ ನನ್ನ ಕೈಯ ಮೇಲೆ ಭಾರವಾದದ್ದೇನೋ ಬಂದು ಬಿತ್ತು. ಅದು ಅವನ ಬಲಗೈ. ಅದಕ್ಕೆ ಮೌಸನ್ನು ಅಲುಗಿಸಲಾಗಲಿಲ್ಲ. ಮರ ಉರುಳಿತು, ವೈರಿಗಳು ನುಗ್ಗಿದರು, ಊರು ಉರಿಯಿತು. ನಾವು ಮೂವರೂ ಆ ಕೈಯನ್ನೇ ನೋಡುತ್ತಿದ್ದೆವು. ಭಾಬಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಅಳು ತಡೆಯಲಾಗಲಿಲ್ಲ.

ಅಂದಿನಿಂದ ರವಿವಾರ ತಪ್ಪಿಸಿಲ್ಲ. ಹೋದಾಗಲೆಲ್ಲ ಮರೆತವನಂತೆ ಒಬ್ಬ ಹಳ್ಳಿಗನನ್ನು ಆ ಮರಗಳ ಹತ್ತಿರ ಬಿಡುತ್ತೇನೆ. ಬೈಗುಳ ಬರುತ್ತದೆ, ಹಿಂದೆಯೇ ಕೈ ಬರುತ್ತದೆ. ಮೊದಲು ಸುಮ್ಮನೆ ಬಂದು ಬೀಳುತ್ತಿದ್ದದ್ದು ಈಗ ಹಿಡಿಯುತ್ತದೆ, ಒಮ್ಮೊಮ್ಮೆ ಮರ ಉಳಿಯುತ್ತದೆ. ನನ್ನ ಈ ನಾಟಕ ಅವನಿಗೆ ತಿಳಿದಿಲ್ಲವೆಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಮೊನ್ನೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿರುವಾಗ ಒಳಗಿನಿಂದ ಕೂಗಿದ: "ಲೇ, ಮುಂದಿನ ವಾರ ಎರಡ್ ಮರಾ ಕಡಿ. ಒಂದ್ರಾಗ ಕೈ ದಣಿಯೂದಿಲ್ಲ ಈಗ."